ಸಿದ್ದಮ್ಮನ ಟಾರು ಕಣ

ಬೋರೆಪಾಳ್ಯದ ಸಿದ್ದಮ್ಮ ಬಾಯಿ ಬಿಟ್ಟಳು ಅಂದರೆ ಎದುರಿಗಿದ್ದವರು ಮೊದಲು ತಮ್ಮ ಚಪ್ಪಲಿ ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ, ಓಡುವುದಕ್ಕೆ. ಅಂಥವಳ ಎದುರಿಗೆ, ಸಂಕ್ರಾಂತಿ ಹತ್ತಿರ ಬಂದ ಒಂದು ಬೆಳಿಗ್ಗೆ, ಕೆಂಪನೆಯ ಕುದುರೆಯೊಂದು ಬಂದು ನಿಂತು ಅವಳು ಹರಡಿದ್ದ ಹುರುಳಿಗೆ ನಿಧಾನವಾಗಿ ಬಾಯಿ ಹಾಕಿತು. ಕುದುರೆಗೆ ಚಪ್ಪಲಿಯ ಚಿಂತೆ ಇರಲಿಲ್ಲ.

ಹರಡಿದ್ದು ಎಲ್ಲಿ ಅಂತೀರಾ? ನಡುರೋಡಿನಲ್ಲಿ. ತುರುವೇಕೆರೆಯಿಂದ ಸಂಪಿಗೆ ಕಡೆಗೆ ಹೋಗುವ ಟಾರು ರೋಡು ಬೋರೆ ಗುಡ್ಡ ಇಳಿದು ತಿರುಗುವ ಕಡೆ, ತನ್ನ ಮನೆ ಮುಂದೆ. ಅಯ್ಯೋ, ರೋಡಿನಲ್ಲಿ ಒಕ್ಕಣೆ ಮಾಡ್ತಾಳಲ್ಲ, ಬುದ್ಧಿ ಬೇಡವಾ ಅಂತ ಮೂಗು ಮುರಿಯುವವರು ಸ್ವಲ್ಪ ತಡೀರಿ. ರೋಡು ಬರುವುದಕ್ಕೆ ಮುಂಚೆ ಅಲ್ಲಿದ್ದದ್ದು ಸಿದ್ದಮ್ಮನ ಮಾವನ ಕಣ. ಸಗಣಿ ಸಾರಿಸಿ ಸಾರಿಸಿ ಬಂಡೆಯ ಹಾಗೆ ಗಟ್ಟಿ ಮಾಡಿದ್ದ ಕಣ. ರಸ್ತೆ ಅಗಲ ಮಾಡ್ತೀವಿ ಅಂತ ಬಂದವರು ಟೇಪು ಹಿಡಿದು, ಕೆಂಪು ಬಣ್ಣ ಬಳಿದು, ಅದನ್ನು ನುಂಗಿ ನೀರು ಕುಡಿದು ಹೋದರು. ಎತ್ತು ಕಟ್ಟಿ ಸುತ್ತಿಸುತ್ತಿದ್ದ ಮೇಟಿಕಂಬದ ಜಾಗದಲ್ಲಿ ಈಗ ರೋಡಿನ ಬಿಳಿ ನಡುಗೆರೆ ಇದೆ. ಉಳಿದ ಹೊಲವೆಲ್ಲ ಬೋರೆ, ಕಲ್ಲು, ಗರಸು. ಒಂದು ಮೊರ ಇಡುವಷ್ಟು ಮಟ್ಟಸ ಜಾಗ ಇಲ್ಲ. ಹಂಗಾದ ಮೇಲೆ ಹುರುಳಿ ಎಲ್ಲಿ ಬಡೀಬೇಕು, ತಲೆ ಮೇಲಾ?

"ಅವ್ರು ನನ್ ಕಣದ್ ಮ್ಯಾಲೆ ರೋಡ್ ಹಾಕುದ್ರು. ನಾನು ಅವ್ರ ರೋಡ್ ಮ್ಯಾಲೆ ಕಣ ಹಾಕ್ತೀನಿ. ಸರಿಗ್ ಸರಿ," ಅಂತ ಸಿದ್ದಮ್ಮ ಯಾವತ್ತೋ ತೀರ್ಪು ಕೊಟ್ಟು ಮುಗಿಸಿದ್ದಳು.

ಹಾಗಂತ ಕಾಟಾಚಾರಕ್ಕೆ ಹರಡಿ ಕೂರುವವಳಲ್ಲ. ಮಾವ ಮಾಡುತ್ತಿದ್ದ ಹಾಗೆಯೇ ಸುತ್ತ ಬೂದಿ ಗೆರೆ ಎಳೆದು, ಸಗಣಿ ಉಂಡೆಯ ಬೆನಕನಿಗೆ ಗರಿಕೆ ಸಿಕ್ಕಿಸಿ ರೋಡಿನಂಚಿನಲ್ಲಿ ಕೂರಿಸಿ, ಕೈ ಮುಗಿದು, ಆಮೇಲೆ ಗಿಡ ಹರಡುತ್ತಾಳೆ. ಬಸ್ಸು ಲಾರಿಗಳು ಮೇಲೆ ಹೋಗಿ ಕಾಯಿ ಒಡೆದು ಕಾಳು ಬಿಡಿಸುತ್ತವೆ. ಅವಳು ಮೆರೆಗೋಲಿನಲ್ಲಿ ಕೆದಕಿ ಕೆದಕಿ ಮಗುಚಿ ಹಾಕುತ್ತಾಳೆ. ಕಣದ ಕಟ್ಟಳೆಯನ್ನೂ ಬಿಟ್ಟಿಲ್ಲ. ಕಾಲಿಗೆ ಮೆಟ್ಟು ಹಾಕಿಕೊಂಡು ಕಣ ತುಳಿಯಬಾರದು. ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸಬಾರದು. ಮೊದಲನೆಯದನ್ನು ಲಾರಿಗಳಿಗೆ ಹೇಳಿ ಪ್ರಯೋಜನ ಇಲ್ಲ, ಟೈರು ಬಿಚ್ಚಿಟ್ಟು ಬಾ ಅನ್ನುವುದಕ್ಕಾಗುತ್ತಾ? ಕಾಲಲ್ಲಿ ನಡೆಯುವವರಿಗೆ ಮಾತ್ರ ಯಾವ ಮುಲಾಜೂ ಇರಲಿಲ್ಲ.

ಕುದುರೆಯ ಮೇಲಿದ್ದವನು ಮೋಹನ್ ಕುಮಾರ್. ಅದೇ ಊರಿನವನು, ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದವನು. ಒಂದು ದಿನ ಎದ್ದವನೇ ಅಪ್ಪನ ತೆಂಗಿನ ತೋಟದ ಬೇಲಿಗೆ 'ಕಲ್ಪತರು ಹಾರ್ಸ್ ರೈಡಿಂಗ್ ಕ್ಲಬ್' ಅಂತ ಬೋರ್ಡು ಸಿಕ್ಕಿಸಿದ. ಕ್ಲಬ್ಬಿನಲ್ಲಿದ್ದದ್ದು ಒಂದು ಕುದುರೆ. ಅದರ ಹೆಸರು ಥಂಡರ್. ತಲೆಗೆ ಹೆಲ್ಮೆಟ್ಟು, ಮೈಗೆ ಮಿಂಚುವ ಹಸಿರು ಜಾಕೆಟ್ಟು, ಕಾಲಿಗೆ ಮೊಣಕಾಲು ಮುಟ್ಟುವ ಬೂಟು. ಆ ಬೂಟನ್ನು ಹಾಕಿಸಲು ಒಬ್ಬರು, ಎಳೆಯಲು ಇಬ್ಬರು ಬೇಕು. ಹೆಂಡತಿ ಧನ್ಯಶ್ರೀ ದಿನಾ ಸಾಯಂಕಾಲ ಬಾಗಿಲ ಕಂಬ ಹಿಡಿದುಕೊಂಡು ಎಳೆಯುವುದನ್ನು ಊರೇ ನೋಡಿದೆ.

"ಥೂ ನಿನ್ ಮನೆ ಹಾಳಾಗ! ಎತ್ತಲಾ ಅದರ ಮೂತಿಯಾ!" ಅಂತ ಸಿದ್ದಮ್ಮ ಮೆರೆಗೋಲು ಎತ್ತಿದಳು.

"ಅಜ್ಜಿ, ಅಜ್ಜಿ! ಹಾರ್ಸ್ ಹತ್ರ ಕೂಗ್ಬಾರ್ದು ಕಣಜ್ಜಿ. ಹೆದರ್ಕೊಳ್ಳುತ್ತೆ. ಕುದುರೆ ಕಂಡ್ರೆ ದೂರ ನಿಂತ್ಕೊಂಡು, ಮೆಲ್ಲಗೆ ಮಾತಾಡ್ಬೇಕು. ಅದು ರೂಲ್ಸು."

"ನಾನ್ ಹೆದರ್ಕೊಂಡ್ರೆ ಯಾವ್ ಕ್ಲಬ್ಬಿಗ್ ಹೇಳ್ಲಲಾ?"

ಕೋಲು ಇನ್ನೇನು ಬೀಳಬೇಕು, ಅಷ್ಟರಲ್ಲಿ ಜಗಲಿ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅವಳ ಗಂಡ ಹುಚ್ಚರಂಗಯ್ಯ ತಲೆ ಎತ್ತದೆ ಅಂದ, "ಕಣಕ್ ಬಂದಿರೋದು ಕಣೇ."

ಹುಚ್ಚರಂಗಯ್ಯ ದಿನಕ್ಕೆ ಆಡುವುದೇ ಒಂದೋ ಎರಡೋ ಮಾತು. ಆಡಿದ್ದೆಲ್ಲ ಹೆಂಡತಿಗೆ ಅಡ್ಡವಾಗಿಯೇ ಇರುತ್ತದೆ. ಸಿದ್ದಮ್ಮ ಕೋಲು ಇಳಿಸಿದಳು. ಕುದುರೆಯನ್ನೊಮ್ಮೆ, ಗಂಡನನ್ನೊಮ್ಮೆ ದುರುಗುಟ್ಟಿ ನೋಡಿ, ಒಂದು ಬೊಗಸೆ ಕಾಳು ತುಂಬಿ ಅದರ ಮೂತಿಯ ಮುಂದೆ ಹಿಡಿದಳು. ಕುದುರೆ ತುಟಿಯಲ್ಲಿ ಅಂಗೈ ಸವರುತ್ತ ಒಂದೊಂದು ಕಾಳನ್ನೂ ಬಿಡದೆ ಎತ್ತಿಕೊಂಡಿತು. ಆ ಬಿಸಿ ಉಸಿರಿಗೆ ಅವಳಿಗೆ ಮಾವನ ಕಾಲದ ಕೆಂದ ಎತ್ತು ನೆನಪಾಯಿತು.

"ಥಂಡರ್ ಅಂತೆ ಥಂಡರ್! ಇವ್ನು ಕೆಂದ," ಅಂದಳು. "ತಿನ್ನಪ್ಪ ಕೆಂದ. ನಿನ್ ಮ್ಯಾಲೆ ಕುಂತಿರೋದು ಕೋತಿಯಾದ್ರೆ ನೀನೇನ್ ಮಾಡ್ತೀಯ."

ಮಾರನೆಯ ದಿನ ಕೆಂದ ತಾನಾಗಿಯೇ ಬಂದು ನಿಂತ. ಅದರ ಮಾರನೆಯ ದಿನವೂ. ಅದೂ ಎಲ್ಲೆಂದರಲ್ಲಿ ಅಲ್ಲ, ಮೇಟಿಕಂಬ ಇದ್ದ ಜಾಗದಲ್ಲೇ, ಆ ಬಿಳಿ ಗೆರೆಯ ಮೇಲೆ ನಾಲ್ಕೂ ಕಾಲೂರಿ. ಮೋಹನ್ ಕುಮಾರ್ ಹಿಮ್ಮಡಿಯಲ್ಲಿ ತಿವಿದ, ಲಗಾಮು ಎಳೆದ, ಇಂಗ್ಲಿಷಿನಲ್ಲಿ ಗದರಿದ. ಬೊಗಸೆ ಹುರುಳಿ ಬಾಯಿಗೆ ಬೀಳುವ ತನಕ ಕೆಂದ ಅಲ್ಲಾಡುತ್ತಿರಲಿಲ್ಲ. ಅಭ್ಯಾಸ ಮಾಡಿಸಿದವಳಿಗೆ ತಾನು ಅಭ್ಯಾಸ ಮಾಡಿಸುತ್ತಿದ್ದೇನೆ ಅನ್ನುವ ಅರಿವಿರಲಿಲ್ಲ. ಕಣಕ್ಕೆ ಬಂದವನಿಗೆ ಕೊಟ್ಟಳು, ಅಷ್ಟೆ.

ಆ ರೋಡಿನಲ್ಲಿ ಇನ್ನೂ ಇಬ್ಬರು ಮಹಾನುಭಾವರು ಓಡಾಡುತ್ತಿದ್ದರು. ಒಬ್ಬರು ಮರುಳಸಿದ್ದಯ್ಯ, ತುರುವೇಕೆರೆಯ ಕೊಬ್ಬರಿ ಸಾವ್ಕಾರ್ರು. ಹೊಟ್ಟೆ ಇಳಿಸಿ ಅಂತ ಡಾಕ್ಟ್ರು ಹೇಳಿದ್ದೇ ತಡ, ತೆಳ್ಳನೆ ಟೈರಿನ ಸೈಕಲ್ಲು ತರಿಸಿ, ಮೈಗಂಟುವ ಕರಿ ಚಡ್ಡಿ ಹಾಕಿ, ಹಣೆಯ ಮೂರು ಬೆರಳು ವಿಭೂತಿಯ ಮೇಲೆ ಹೆಲ್ಮೆಟ್ಟಿಟ್ಟು ಹೊರಟೇಬಿಟ್ಟರು. ಅವರ ಹೆಂಡತಿ ವಿಮಲಮ್ಮ ಆ ಚಡ್ಡಿ ನೋಡಿ ಅವತ್ತು ಹೊರಬಾಗಿಲಿಗೇ ಬರಲಿಲ್ಲವಂತೆ. ಸೈಕಲ್ಲಿಗೆ ಬೆಲ್ಲಿಲ್ಲ, ಭಾರ ಆಗುತ್ತದಂತೆ. ಭಾರ ಇರೋದು ಸೈಕಲ್ಲಿನಲ್ಲಾ ಅಂತ ಯಾರೂ ಕೇಳಲಿಲ್ಲ, ಸಾವ್ಕಾರ್ರು ನೋಡಿ. ಶೂ ಬೇರೆ ಪೆಡಲಿಗೆ ಕಚ್ಚಿಕೊಳ್ಳುವ ಜಾತಿಯದು. ನಿಲ್ಲಿಸಿದಾಗ ಕಾಲು ತಿರುಚಿ ಬಿಡಿಸಿಕೊಳ್ಳಬೇಕು. ಮರೆತರೆ ನಿಂತಲ್ಲೇ ಪಕ್ಕಕ್ಕೆ ಉರುಳಬೇಕು. ಸಾವ್ಕಾರ್ರು ಬಹಳ ಸಲ ಮರೆತಿದ್ದರು.

ಇನ್ನೊಬ್ಬ ಯೋಗೀಶ. ತೆಂಗಿನಕಾಯಿ ತುಂಬಿಕೊಂಡು ತಿಪಟೂರಿಗೆ ಹೊಡೆಯುವ ಪಿಕಪ್ ಡ್ರೈವರ್ರು. ಅವನ ಹಾರ್ನು ಹೊಡೆದರೆ ಹಸು ಹಾಲು ಇಳಿಸುವುದಿಲ್ಲ. ಹವಾಯಿ ಚಪ್ಪಲಿಯ ಕಾಲನ್ನು ಆಕ್ಸಿಲೇಟರ್ ಮೇಲಿಟ್ಟನೆಂದರೆ ಆ ಕಾಲು ಮರಗಟ್ಟಿ ಹೋಯಿತು ಅಂತಲೇ ಲೆಕ್ಕ, ತಿಪಟೂರು ಬಂದ ಮೇಲೇ ಮೇಲೇಳುವುದು.

ಈ ಮೂವರದೂ ಒಂದೇ ದೂರು, ಮಿಕ್ಕಿಬ್ಬರು ರೋಡಿಗೆ ಬರಬಾರದು. ಸೈಕಲ್ಲು ಹಿಂದಿನಿಂದ ಸದ್ದಿಲ್ಲದೆ ಬಂದು ಕುದುರೆಯನ್ನು ಬೆಚ್ಚಿಸುತ್ತದೆ ಅಂತ ಮೋಹನ. ಕುದುರೆ ಲದ್ದಿ ಹಾಕುತ್ತದೆ, ಪಿಕಪ್ಪು ಮೈ ಸವರಿಕೊಂಡು ಹೋಗುತ್ತದೆ ಅಂತ ಸಾವ್ಕಾರ್ರು. ಟ್ಯಾಕ್ಸ್ ಕಟ್ಟೋನು ನಾನು, ಇವ್ರಿಬ್ರು ಶೋಕಿಗ್ ಬರೋರು, ಅಂತ ಯೋಗೀಶ. ಮೂವರು ಹೇಳುವುದೂ ನಿಜವೇ. ಕುದುರೆ ಕಂಡರೆ ನಿಧಾನ ಮಾಡಿ, ಹಾರ್ನ್ ಹೊಡೀಬೇಡಿ, ಜಾಗ ಬಿಟ್ಟು ಹೋಗಿ ಅಂತ ಮೋಹನ್ ಕುಮಾರ್ ಮಾಡಿದ ರೀಲನ್ನು ಸಾವಿರಾರು ಜನ ನೋಡಿದ್ದಾರೆ. ಅದನ್ನು ಅವನು ತೆಗೆದದ್ದು ನಡುರೋಡಿನಲ್ಲಿ, ಲಗಾಮು ಬಿಟ್ಟು, ಎರಡು ಕೈಯಲ್ಲೂ ಫೋನು ಹಿಡಿದುಕೊಂಡು. ಅದನ್ನು ಹೇಳುವವರಾರು?

ಆದರೂ ಹುರುಳಿ ಹರಡಿದ್ದ ಆ ದಿನಗಳಲ್ಲಿ ಸಿದ್ದಮ್ಮನ ಮನೆ ಮುಂದೆ ಯಾರಿಗೂ ಏನೂ ಆಗಲಿಲ್ಲ. ಗಿಡದ ಮೇಲೆ ಜಾರೀತು ಅಂತ ಸಾವ್ಕಾರ್ರು ಸೈಕಲ್ಲಿಳಿದು ತಳ್ಳಿಕೊಂಡು ಹೋಗುತ್ತಿದ್ದರು. ಯೋಗೀಶನ ಮರಗಟ್ಟಿದ ಕಾಲು ಅಲ್ಲೊಂದು ಕಡೆ ಮೇಲೇಳುತ್ತಿತ್ತು. ಕೆಂದ ಸರಿಯೇ ಸರಿ, ನಿಂತೇ ಬಿಡುತ್ತಿದ್ದ. ಸುಳ್ಳು ಹೇಳಬಾರದು, ಕಲ್ಲೇಶ ಅನ್ನುವವನೊಬ್ಬ ಮೊಪೆಡ್ಡಿನಿಂದ ಬಿದ್ದು ಮಂಡಿ ತರಚಿಕೊಂಡ. ಆದರೆ ಅವನು ಹಜಾರದಲ್ಲಿ ಹಾಸಿಗೆ ಮೇಲೆ ನಡೆದರೂ ಬೀಳುವ ಗಿರಾಕಿ.

ಹೀಗಿರುವಾಗ ರಸ್ತೆ ಸುರಕ್ಷತಾ ಮಾಸ ಬಂತು. ಪಂಚಾಯ್ತಿ ಮುಂದೆ ಶಾಮಿಯಾನ ಹಾಕಿ, ಮೈಕು ಕಟ್ಟಿ, ಪೊಲೀಸ್ ಸಾಹೇಬ್ರನ್ನು ಕರೆಸಿ ಸಭೆ ಮಾಡಿದರು. ಮೂವರೂ ಎದ್ದು ನಿಂತು ಕೂಗಾಡಿದರು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಸಾಹೇಬ್ರಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ರೋಡನ್ನು ದೋಸೆ ಕುಯ್ದ ಹಾಗೆ ಕುಯ್ದರು. ನಡುವೆ ವಾಹನಕ್ಕೆ, ಪಕ್ಕದ ಗೆರೆಯ ಆಚೆ ಸೈಕಲ್ಲಿಗೆ, ಅಂಚಿನ ಮಣ್ಣು ಕುದುರೆಗೆ.

"ಅಂಚಿನ ಮಣ್ಣು ಒಳ್ಳೇದೇ ಸಾರ್, ಆದ್ರೆ ಆ ತಿರುವಲ್ಲಿ ನನ್ ಹಾರ್ಸ್ ನಿಂತ್ಬುಡುತ್ತೆ. ಹುರುಳಿ ಹಾಕಿರ್ತಾರೆ," ಅಂದ ಮೋಹನ.

"ಹೌದು ಸ್ವಾಮಿ, ನಾನೂ ಸೈಕಲ್ ಇಳಿದು ನಡೀಬೇಕು. ಸರಾಸರಿ ವೇಗವೇ ಬಿದ್ದೋಗುತ್ತೆ," ಅಂದರು ಸಾವ್ಕಾರ್ರು.

"ನಂದು ಟೈಮ್ ವೇಸ್ಟು ಸಾ," ಅಂದ ಯೋಗೀಶ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿದರು. ಬೆಳಗಿನಿಂದ ಅವರು ಒಪ್ಪಿದ್ದು ಅದೊಂದೇ ಮಾತನ್ನು. ಸಾಹೇಬ್ರಿಗೂ ಜೀವ ಬಂದ ಹಾಗಾಯಿತು. ಕೊನೆಗೂ ಬೈಯಲು ಒಬ್ಬರು ಸಿಕ್ಕಿದರಲ್ಲ! ಅದೂ ವೋಟಿನ ಭಯ, ದುಡ್ಡಿನ ಭಯ, ಯೂನಿಯನ್ನಿನ ಭಯ ಯಾವುದೂ ಪಡಬೇಕಿಲ್ಲದ ಮುದುಕಿ.

ಸಿದ್ದಮ್ಮ ಹಿಂದೆ ಹೆಂಗಸರ ನಡುವೆ ಕೂತಿದ್ದಳು. ಎದ್ದು ನಿಂತಳು.

"ಅವ್ನಿಗೆ ನಡುವು, ಇವ್ರಿಗೆ ಪಕ್ಕ, ಕುದ್ರೆಗೆ ಅಂಚು. ಎಲ್ಲಾರ್ಗೂ ಆಯ್ತು. ನನ್ ಕಣ ಎಲ್ಲಿ ಸಾಹೇಬ್ರೇ?"

"ರಸ್ತೆ ಸಾರ್ವಜನಿಕರದ್ದಮ್ಮ. ಅಲ್ಲಿ ಒಕ್ಕಣೆ ಮಾಡಂಗಿಲ್ಲ."

"ಸಾರ್ವಜನಿಕರು ಅಂದ್ರೆ ನಾನಲ್ವಾ? ನನ್ನನ್ನ ಯಾರ್ ಲೆಕ್ಕಕ್ಕೆ ಬರ್ಕೊಂಡಿದ್ದೀರಿ?"

ಜನ ಕಿಸಕ್ಕೆಂದರು. ಸಾಹೇಬ್ರು ನಗಲಿಲ್ಲ. ನಾಳೆಯಿಂದ ರೋಡಿನ ಮೇಲೆ ಒಂದು ಕಡ್ಡಿ ಕಂಡರೂ ಎತ್ತಿಸಿ ತಿಪ್ಪೆಗೆ ಹಾಕಿಸ್ತೀನಿ ಅಂದರು. ಚಪ್ಪಾಳೆ ಬಿತ್ತು. ಸಿದ್ದಮ್ಮ ಯಾರನ್ನೂ ಬೈಯದೆ ಮನೆಗೆ ನಡೆದಳು. ಅವಳು ಬೈಯದೆ ಹೋದದ್ದು ನೋಡಿ ಗುರುತಿದ್ದವರು ಚಪ್ಪಾಳೆ ನಿಲ್ಲಿಸಿದರು.

ಅವಳ ಹುರುಳಿ ಇನ್ನೂ ಮುಕ್ಕಾಲು ಪಾಲು ಒಕ್ಕಿರಲಿಲ್ಲ. ಮನೆ ಪಕ್ಕ ಮೆದೆ ಹಾಕಿತ್ತು. ಒಣಗಿದ ಹುರುಳಿ ಕಾಯಿ ನಿಮ್ಮ ಸಾಹೇಬ್ರ ಅಪ್ಪಣೆಗೆ ಕಾಯುವುದಿಲ್ಲ. ಬಿಸಿಲೇರಿದ ಹಾಗೆಲ್ಲ ಚಟಚಟ ಸಿಡಿಯುತ್ತದೆ. ಸಿಡಿದ ಕಾಳಿಗೆ ನವಿಲಿನ ಹಿಂಡು ಬರುತ್ತದೆ. ಬೆಳಗಿನಿಂದ ಬೈಗಿನವರೆಗೂ ಸಿದ್ದಮ್ಮ "ಹಾಯ್, ಹಾಯ್" ಅಂತ ನವಿಲು ಅಟ್ಟುತ್ತ ನಿಂತಳು. ವರ್ಷದ ಸಾರು, ಹಸುವಿನ ಹೊಟ್ಟು ಎಲ್ಲ ಆ ಮೆದೆಯಲ್ಲಿತ್ತು. ಅದಕ್ಕಿಂತ ಹೆಚ್ಚಿನ ಸಂಕಟ ಆ ಕಣ ಹೋದದ್ದು. ಮೊದಲ ಸಲ ಹೋದಾಗ ಅದರ ಮೇಲೆ ಟಾರು ಬಿತ್ತು, ಆದರೂ ಅವಳು ಬೂದಿ ಗೆರೆ ಎಳೆದು ಮತ್ತೆ ಹಿಡಿದುಕೊಂಡಿದ್ದಳು. ಈಗ ಗೆರೆಯೂ ಹೋಯಿತು.

"ಹೋಗ್ಲಿ ಬುಡು, ಕೋಲಲ್ಲಿ ಬಡ್ಕೊಳಾಣ," ಅಂದ ಹುಚ್ಚರಂಗಯ್ಯ.

"ಎಲ್ಲಿ ಬಡೀತೀಯ? ನಿನ್ ತೊಡೆ ಮ್ಯಾಲಾ?" ಅಂದಳು. ಅಂದು, ಒಳಗೆ ಹೋಗಿ ಅತ್ತಳು.

ಮರುದಿನ ಬೆಳಿಗ್ಗೆ ಕೆಂದ ಎಂದಿನ ಹಾಗೆ ಬಂದ. ಬರಿದಾದ ರೋಡಿನಲ್ಲಿ ಬಿಳಿ ಗೆರೆಯ ಮೇಲೆ ನಿಂತು ಟಾರು ಮೂಸಿದ. ಮನೆ ಕಡೆ ಕತ್ತು ತಿರುಗಿಸಿ ಮೂಗಿನಲ್ಲಿ ಫುರ್ರ್ ಅಂದ. ಸಿದ್ದಮ್ಮನ ಕೈ ಮೊರದ ಕಡೆ ಹೋಯಿತು, ಹಾಗೇ ನಿಂತಿತು. 'ಕಣ ಇಲ್ಲ ಅಂದ್ಮೇಲೆ ಕಣದ ಕೊಡುಗೆ ಎಲ್ಲಿಂದ? ಕೇಳೋಗು ನಿಮ್ ಸಾಹೇಬ್ರನ್ನ,' ಅಂದುಕೊಂಡು ಮುಖ ತಿರುಗಿಸಿ ಒಳಗೆ ಹೋದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಕೆಂದ ಕಾದ. ಮೋಹನ ಬೈದ, ತಿವಿದ, ಇಳಿದು ಎಳೆದ. ಬಹಳ ಹೊತ್ತಾದ ಮೇಲೆ ಕುದುರೆ ಮನಸ್ಸಿಲ್ಲದ ಮನಸ್ಸಿನಲ್ಲಿ ಹೆಜ್ಜೆ ಕಿತ್ತಿತು. ದಿನವೂ ಇದೇ ಪಾಡಾಯಿತು. ಸಿದ್ದಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಹೊರಗೆ ಬರುತ್ತಿರಲಿಲ್ಲ.

ಇತ್ತ ಹುರುಳಿ ಹೋದ ರೋಡು ಕನ್ನಡಿಯ ಹಾಗಾಗಿತ್ತು. ಯೋಗೀಶನ ಕಾಲು ಈಗ ಯಾವ ತಿರುವಿಗೂ ಮೇಲೇಳುತ್ತಿರಲಿಲ್ಲ. ಸಾವ್ಕಾರ್ರು ಬೋರೆ ನೆತ್ತಿಯಿಂದ ಪೆಡಲು ತುಳಿಯುವುದನ್ನೇ ಬಿಟ್ಟು, ತಲೆ ತಗ್ಗಿಸಿ, ಕುಂಡಿ ಎತ್ತಿ, ಬಿಟ್ಟ ಬಾಣದ ಹಾಗೆ ಇಳಿಯುತ್ತಿದ್ದರು. ಸರಾಸರಿ ವೇಗ ಏರಿತ್ತು. ಸುರಕ್ಷತೆ ಅಂದರೆ ಇದಪ್ಪ ಅಂತ ಪಂಚಾಯ್ತಿಯವರು ಬೋರ್ಡು ಬರೆಸಿ ನೆಟ್ಟರು.

ಭಾನುವಾರ ಬೆಳಿಗ್ಗೆ ಮಂಜು ಕವಿದಿತ್ತು. ಸಿದ್ದಮ್ಮ ಕೊಟ್ಟಿಗೆ ಬಾಚಿ ಸಗಣಿ ತುಂಬಿದ ಮಂಕರಿ ಎತ್ತುತ್ತಿದ್ದಳು. ಕೆಂದ ಬಂದು ನಿಂತದ್ದು ಮಸುಕಾಗಿ ಕಾಣಿಸಿತು, ಈ ಸಲ ರೋಡಿಗೆ ಪೂರಾ ಅಡ್ಡವಾಗಿ. ಮೇಲಿದ್ದ ಮೋಹನ್ ಕುಮಾರ್ ಫೋನನ್ನು ಮುಖದ ಮುಂದೆ ಹಿಡಿದು, "ಹಾಯ್ ಫ್ರೆಂಡ್ಸ್, ಮಂಜಲ್ಲಿ ರೈಡ್ ಮಾಡೋವಾಗ ತಗೋಬೇಕಾದ ಎಚ್ಚರಿಕೆಗಳು..." ಅಂತ ಶುರು ಮಾಡಿದ್ದ.

ಕೆರೆ ಏರಿ ಕಡೆಯಿಂದ ಆ ಹಾರ್ನು ಕೇಳಿಸಿತು. ಯೋಗೀಶ. ಸಿದ್ದಮ್ಮ ಬೋರೆ ಕಡೆ ನೋಡಿದಳು. ಅಲ್ಲಿಂದ ಸದ್ದೇನೂ ಇಲ್ಲ. ಇರುವುದೂ ಇಲ್ಲ, ಬೆಲ್ಲಿಲ್ಲವಲ್ಲ. ಆದರೆ ಸಾವ್ಕಾರ್ರು ಇಳಿಯುವ ಹೊತ್ತು ಅದೇ. 'ಅಯ್ಯೋ ಶಿವನೇ, ನಾನ್ ಕೊಡ್ಲಿಲ್ಲ ಅಂತ್ಲೇ ಇದು ಕಾಯ್ಕೊಂಡ್ ನಿಂತೈತೆ! ಇವತ್ತು ಇದ್ರ ಕಾಲು ಮುರೀತದೆ, ಆ ಪಾಪ ನನಗೇ ಸುತ್ಕೊಳ್ತದೆ.'

ಮಂಕರಿ ಬಿತ್ತು. ಮೆದೆಗೆ ನುಗ್ಗಿ, ತಬ್ಬುವಷ್ಟು ಹುರುಳಿ ಕಿತ್ತುಕೊಂಡು, ರೋಡಿನಂಚಿಗೆ ಬಂದು, ಊರೆಲ್ಲ ಏಳುವ ಹಾಗೆ ಕೂಗಿದಳು.

"ಕೆಂದಾ! ಬಾರ್ಲಾ ಇಲ್ಲಿ! ಬಾರೋ ನನ್ನಪ್ಪಾ!"

ಅಷ್ಟು ದಿನ ಕಾದಿದ್ದ ಕುದುರೆ ಎರಡನೇ ಸಲ ಕರೆಸಿಕೊಳ್ಳಲಿಲ್ಲ. ಒಂದೇ ನೆಗೆತಕ್ಕೆ ಅವಳ ಹತ್ತಿರ ಬಂತು. ಎಚ್ಚರಿಕೆಗಳನ್ನು ಇನ್ನೂ ಹೇಳಿ ಮುಗಿಸಿರದ ಮೋಹನ್ ಕುಮಾರ್ ಮಾತ್ರ ಹಿಂದೆಯೇ ಉಳಿದು, ಗಾಳಿಯಲ್ಲೊಂದು ಗಳಿಗೆ ಕೂತಿದ್ದು, ಆಮೇಲೆ ಅಂಚಿನ ಮಣ್ಣಿಗೆ ದೊಪ್ಪನೆ ಬಿದ್ದ. ಕುದುರೆ ಬಿಟ್ಟ ಜಾಗದಲ್ಲಿ ಸಾವ್ಕಾರ್ರು ಸುಯ್ಯೆಂದು ತೂರಿ ಬಂದರು. ಎದುರಿಗೆ ಪಿಕಪ್ಪಿನ ಲೈಟು ಕಂಡಿದ್ದೇ ಹ್ಯಾಂಡಲ್ ತಿರುಗಿಸಿದರು. ಕಾಲು ಬಿಡಿಸಿಕೊಳ್ಳುವುದು ಎಂದಿನಂತೆ ಮರೆತೇ ಹೋಯಿತು. ಸೈಕಲ್ಲಿನ ಸಮೇತ ಹೋಗಿ ಹುಚ್ಚರಂಗಯ್ಯನ ತಿಪ್ಪೆಗೆ ತಲೆಕೆಳಗಾಗಿ ನೆಟ್ಟುಕೊಂಡರು. ಯೋಗೀಶ ಬ್ರೇಕು ಒತ್ತಿದ್ದಕ್ಕೆ ಪಿಕಪ್ಪು ಕೀರಲುಗುಟ್ಟಿ ಓರೆಯಾಗಿ ನಿಂತಿತು. ಹಿಂದಿನ ಬಾಗಿಲು ಕಿತ್ತುಕೊಂಡು ತೆಂಗಿನಕಾಯಿಗಳು ದಡದಡ ಸುರಿದು ರೋಡಿನ ಉದ್ದಕ್ಕೂ ಉರುಳಿದವು.

ಸದ್ದೆಲ್ಲ ಅಡಗಿದ ಮೇಲೆ ಕೇಳಿಸಿದ್ದು ಒಂದೇ. ಕೆಂದ ಹುರುಳಿ ಮೆಲ್ಲುತ್ತಿದ್ದ. ಸಿದ್ದಮ್ಮ ಅವನ ಕತ್ತು ತಬ್ಬಿಕೊಂಡು ನಿಂತಿದ್ದಳು.

ಯಾರಿಗೂ ಜೀವಕ್ಕೆ ಅಪಾಯ ಆಗಿರಲಿಲ್ಲ. ಮೋಹನನ ಮಣಿಕಟ್ಟು ಉಳುಕಿತ್ತು, ಸಾವ್ಕಾರ್ರ ಮುಂದಿನ ಒಂದು ಹಲ್ಲು ತಿಪ್ಪೆಗೆ ಗೊಬ್ಬರವಾಗಿತ್ತು. ಹೊತ್ತೇರಿದ ಮೇಲೆ ಸಾಹೇಬ್ರು ಜೀಪಿನಲ್ಲಿ ಬಂದು, ತಪ್ಪು ಯಾರದು ಅಂದರು. ಮೋಹನ ಸಾವ್ಕಾರ್ರನ್ನು ತೋರಿಸಿದ, ಸಾವ್ಕಾರ್ರು ಯೋಗೀಶನನ್ನು ತೋರಿಸಿದರು, ಯೋಗೀಶ ಕುದುರೆಯನ್ನು ತೋರಿಸಿದ. ಕುದುರೆ ಸಿದ್ದಮ್ಮನ ಸೆರಗು ಮೂಸುತ್ತಿತ್ತು. ಮೂವರ ಬೆರಳೂ ಹಾಗೇ ತಿರುಗಿ ಅವಳ ಮೇಲೆ ಬಂದು ನಿಂತಿತು.

"ಈಯಮ್ಮ ಹುರುಳಿ ತಿನ್ಸಿ ಅಭ್ಯಾಸ ಮಾಡ್ಸಿದ್ದಕ್ಕೇ ಅದು ಅಲ್ಲಿ ನಿಲ್ಲೋದು ಸಾರ್," ಅಂದ ಮೋಹನ್ ಕುಮಾರ್. ಅವನ ಜೀವ ಉಳಿದು ಇನ್ನೂ ಅರ್ಧ ದಿನ ಆಗಿರಲಿಲ್ಲ.

ಈ ಸಲ ಸಿದ್ದಮ್ಮನ ಬಾಯಿ ಬಂತು.

"ಹೌದಲಾ, ತಿನ್ಸಿದ್ದೇ ತಪ್ಪು! ಹುರುಳಿ ಇದ್ದಾಗ ಸಾವ್ಕಾರ್ರು ಇಳ್ಕೊಂಡ್ ಹೋಗೋರು, ಈ ಯೋಗೀಶ ಮೆತ್ತಗ್ ಬರೋನು, ನೀನು ನಿಂತ್ಕೋತಿದ್ದೆ. ಎತ್ತಾಕ್ಸಿದ್ರಲ್ಲ, ಈಗೇನಾಯ್ತು? ನಿಮ್ಗೆ ಸಾಹೇಬ್ರ ಮಾತಿಗೆ ಮರ್ವಾದೆ ಇಲ್ಲ, ಬೋರ್ಡಿಗ್ ಮರ್ವಾದೆ ಇಲ್ಲ, ಒಬ್ರಿಗೊಬ್ರಿಗಂತೂ ಇಲ್ಲವೇ ಇಲ್ಲ. ನನ್ ಹುರುಳಿಗಿತ್ತು!"

ಸಾಹೇಬ್ರು ಏನೋ ಹೇಳಲು ಬಾಯಿ ತೆರೆದರು. ಕಾಲ ಕೆಳಗೊಂದು ತೆಂಗಿನಕಾಯಿ ಉರುಳಿತು. ಅದನ್ನು ದಾಟಿಕೊಂಡು ಹೋಗಿ ಜೀಪು ಹತ್ತಿದರು.

ಬಡವರ ಕಾಲು ಮುರಿದರೆ ಅರ್ಜಿ, ಸಾವ್ಕಾರ್ರ ಹಲ್ಲು ಮುರಿದರೆ ಕಾಮಗಾರಿ. ವಾರ ತುಂಬುವಷ್ಟರಲ್ಲಿ ಕಂಟ್ರಾಕ್ಟರು ಬಂದು, ಕೆಂದ ನಿಲ್ಲುತ್ತಿದ್ದ ಜಾಗದಲ್ಲೇ, ಆ ಬಿಳಿ ಗೆರೆಗೆ ಅಡ್ಡಲಾಗಿ ಒಂದು ಹಂಪ್ಸು ಹಾಕಿದ. ಸಾಮಾನ್ಯ ಹಂಪ್ಸಲ್ಲ, ಮಲಗಿದ ಎಮ್ಮೆಯಷ್ಟು ಎತ್ತರದ್ದು. ರಸ್ತೆ ಸುರಕ್ಷತಾ ಮಾಸದ ಕೊನೆಯ ದಿನ ಅದಕ್ಕೆ ಉದ್ಘಾಟನೆ. ಹಂಪ್ಸಿಗೂ ಉದ್ಘಾಟನೆಯಾ ಅಂತ ಕೇಳಬೇಡಿ. ಕುದುರೆಗೆ ಕ್ಲಬ್ಬಿರುವ ಊರಿನಲ್ಲಿ ಹಂಪ್ಸಿಗೆ ಟೇಪು ಕತ್ತರಿಸಿದರೆ ತಪ್ಪೇನು?

ಸಿದ್ದಮ್ಮ ಜಗಲಿಯಿಂದ ಆ ಹಂಪ್ಸನ್ನು ನೋಡಿದಳು. ಒಂದು ಲಾರಿ ಬಂತು, ಹತ್ತಿತು, ಆಚೆ ಧಡ್ ಅಂತ ಕುಕ್ಕಿತು. ಹಿಂದಿನ ಚಕ್ರ ಬಂತು, ಮತ್ತೆ ಧಡ್ ಅಂತು. ಸಿದ್ದಮ್ಮ ಗಂಡನ ಕಡೆ ತಿರುಗಿದಳು.

"ನೋಡುದ್ಯಾ? ಒಂದೇ ಗಾಡಿಗೆ ಎರಡು ಏಟು."

"ಹೂಂ," ಅಂದ ಹುಚ್ಚರಂಗಯ್ಯ. ಅವನು ಹೆಂಡತಿಯ ಮಾತಿಗೆ ಹೂಂ ಅಂದದ್ದು ಅದೇ ಮೊದಲು.

ಉದ್ಘಾಟನೆಯ ದಿನ ಸಾಹೇಬ್ರು ಬೇಗ ಬರುತ್ತೀನಿ ಅಂದವರು, ಎಲ್ಲ ಸಾಹೇಬ್ರ ಹಾಗೆ, ಬಿಸಿಲೇರಿದ ಮೇಲೆ ಬಂದರು. ಹಿಂದೆ ಕೈಗೆ ಬ್ಯಾಂಡೇಜು ಸುತ್ತಿದ ಮೋಹನ್ ಕುಮಾರ್, ಹಲ್ಲಿಲ್ಲದ ಸಾವ್ಕಾರ್ರು, ಹಾರ ಹಾಕಿದ ಪಿಕಪ್ಪಿನಲ್ಲಿ ಯೋಗೀಶ, ಇನ್ನರ್ಧ ಊರು. ಬಂದು ನೋಡಿದರೆ ಹಂಪ್ಸು ಕಾಣಲಿಲ್ಲ. ಅದರ ಮೇಲೆ, ಆಚೆ, ಈಚೆ ಹುರುಳಿಯೋ ಹುರುಳಿ. ಸುತ್ತ ಬೂದಿ ಗೆರೆ. ಅಂಚಿನಲ್ಲಿ ಗರಿಕೆ ಮುಡಿದ ಬೆನಕ. ಪಕ್ಕದಲ್ಲಿ ಆಗಲೇ ತೂರಿ ಗುಡ್ಡೆ ಮಾಡಿದ ಕಾಳಿನ ರಾಶಿ. ಬಸ್ಸುಗಳು ಬಸುರಿಯ ಹಾಗೆ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುತ್ತಿದ್ದವು.

ಸಾಹೇಬ್ರ ಮುಖ ಕೆಂಪಾಯಿತು. "ಏನಮ್ಮಾ ಇದು!" ಅಂತ ಬೂಟುಗಾಲು ಎತ್ತಿ ಮುಂದಿಟ್ಟರು.

"ಸಾಹೇಬ್ರೇ," ಅಂದಳು ಸಿದ್ದಮ್ಮ, ದನಿ ಎತ್ತದೆ. "ಬಯ್ಯೋದಾದ್ರೆ ಒಳಗ್ ಬಂದು ಬಯ್ರಿ. ಮೆಟ್ಟು ಅಲ್ಲೇ ಬುಟ್ಟು ಬರ್ರಿ. ರಾಶಿ ಐತೆ."

ಎತ್ತಿದ ಕಾಲು ಬೂದಿ ಗೆರೆಯ ಮೇಲೆ ಗಾಳಿಯಲ್ಲೇ ನಿಂತಿತು. ಸಾಹೇಬ್ರು ಸಾಹೇಬ್ರಾಗುವ ಮುಂಚೆ ಹಂದನಕೆರೆ ಕಡೆಯ ರೈತನ ಮಗ. ಚಿಕ್ಕಂದಿನಲ್ಲಿ ಚಪ್ಪಲಿ ಹಾಕಿಕೊಂಡು ಕಣಕ್ಕೆ ನುಗ್ಗಿ ಅವ್ವನ ಕೈಲಿ ಬೆನ್ನು ಬಾಸುಂಡೆ ಬರಿಸಿಕೊಂಡವರು. ಖಾಕಿ ಏನು ಬೇಕಾದರೂ ಮರೆಸುತ್ತದೆ, ಆ ಬಾಸುಂಡೆಯನ್ನು ಮರೆಸುವುದಿಲ್ಲ. ಅವರು ಸುತ್ತ ಒಮ್ಮೆ ನೋಡಿ, ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದರು.

ಸಾಹೇಬ್ರೇ ಬಗ್ಗಿದ ಮೇಲೆ ಮಿಕ್ಕವರದೇನು? ಸಾವ್ಕಾರ್ರು ಕಚ್ಚುವ ಶೂ ಕಳಚಿದರು. ಯೋಗೀಶ ಹವಾಯಿ ಒದರಿದ. ಮೋಹನ್ ಕುಮಾರ್ ಒಂದೇ ಕೈಯಲ್ಲಿ ತಿಣುಕುವುದು ನೋಡಲಾಗದೆ ಯೋಗೀಶನೇ ಅವನ ಬೂಟಿಗೆ ಜೋತುಬಿದ್ದ. ಬೂಟು ಕಿತ್ತು ಬಂದಾಗ ಇಬ್ಬರೂ ಅಂಗಾತ ಬಿದ್ದರು. ಹೆಂಗಸರ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಧನ್ಯಶ್ರೀ.

ಮಟಮಟ ಬಿಸಿಲಿನಲ್ಲಿ ಕಾದ ಟಾರಿನ ಮೇಲೆ ದೊಡ್ಡ ಮನುಷ್ಯರೆಲ್ಲ ಬರಿಗಾಲಲ್ಲಿ, ಒಂದು ಕಾಲೆತ್ತಿ ಒಂದು ಕಾಲಿಳಿಸಿ ಕುಣಿಯುತ್ತ ನಿಂತರು. ಕಣಕ್ಕೆ ಬಂದವರು ಕೈ ಒಡ್ಡಲೇಬೇಕು, ಒಡ್ಡಿದರು. ಸಿದ್ದಮ್ಮ ಒಬ್ಬೊಬ್ಬರ ಬೊಗಸೆಗೂ ಹುರುಳಿ ಸುರಿದಳು. ಅವರ ಕೈಯಲ್ಲಿ ತನ್ನ ಕಾಳು ಬಿದ್ದಾಗ ಅವಳ ಹೊಟ್ಟೆ ತಣ್ಣಗಾಯಿತು.

"ಹಾಳಾಗ್ಲಿ, ಬೆಳಕಿರೋ ತನಕ ಮಾಡ್ಕೊಳಮ್ಮ," ಅಂದರು ಸಾಹೇಬ್ರು, ಬೊಗಸೆ ತುಂಬಿದ್ದರಿಂದ ಬೆವರೊರೆಸಲೂ ಆಗದೆ. "ಕತ್ತಲಾಗೋಕ್ ಮುಂಚೆ ಬಳ್ದು ಎತ್ಬುಡು. ಮೊಪೆಡ್ಡಿನೋರು ಜಾರ್ತಾರೆ."

"ಕಲ್ಲೇಶನ್ನ ಬುಟ್ರೆ ಇನ್ಯಾರೂ ಜಾರಲ್ಲ. ಆಗ್ಲಿ, ಎತ್ತೀನಿ."

ಆಗ ಟಕ್ ಟಕ್ ಸದ್ದಾಯಿತು. ಕಟ್ಟಿದ್ದ ಕಡೆಯಿಂದ ಹಗ್ಗ ಬಿಡಿಸಿಕೊಂಡು ಕೆಂದ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಬೂದಿ ಗೆರೆ ದಾಟಿ, ಹಂಪ್ಸು ಹತ್ತಿ, ತನ್ನ ಜಾಗದಲ್ಲಿ ನಿಂತ. ಸಿದ್ದಮ್ಮ ಮೊರಕ್ಕೆ ಎರಡು ಬೊಗಸೆ ಹಾಕಿ ಅವನ ಮುಂದೆ ಹಿಡಿದಳು.

ಬರಿಗಾಲು ಸುಟ್ಟುಕೊಂಡು ನಿಂತಿದ್ದ ಮೋಹನ್ ಕುಮಾರನಿಗೆ ತಡೆಯಲಾಗಲಿಲ್ಲ. "ಏನಜ್ಜೀ, ಅವ್ನು ಲಾಳ ಹಾಕ್ಕೊಂಡೇ ಬಂದ? ಅವ್ನಿಗ್ಯಾಕಿಲ್ಲ ರೂಲ್ಸು?"

ಸಿದ್ದಮ್ಮ ಕೆಂದನ ಹಣೆ ಸವರುತ್ತ ಹಿಂದಿರುಗಿಯೂ ನೋಡಲಿಲ್ಲ.

"ಅವ್ನ ಕಾಲಿಗೆ ಮೊಳೆ ಹೊಡ್ದು ಕೂರ್ಸವ್ರೆ ಕಣ್ಲಾ. ಬಿಚ್ಚಕ್ಕಾಗಕಿಲ್ಲ. ನಿಮ್ಗೆ ಯಾರ್ ಹೊಡ್ದಿದ್ರು?"